ಟ್ರೇಲರ್ ಬ್ರೇಕ್ ತಡವಾಗಿ ಹಿಡಿಯುತ್ತೆ (ಎಲೆಕ್ಟ್ರಿಕ್ ಓವರ್ ಹೈಡ್ರಾಲಿಕ್), ಎಲ್ಲಿಂದ ಚೆಕ್ ಮಾಡ್ಲಿ?

ಡೆನ್ವರ್_ಕನ್ನಡಿಗ:
ಎಲ್ರಿಗೂ ನಮಸ್ಕಾರ. ನಾವು ಕೊಲರಾಡೋದಲ್ಲಿರೋದು, ಹೋದ ವರ್ಷ ಸೆಕೆಂಡ್ ಹ್ಯಾಂಡ್ ಫಿಫ್ತ್ ವೀಲ್ (ಟ್ರಕ್ಕಿನ ಹಿಂದಿನ ಬೆಡ್ಡಿಗೆ ಸಿಗಿಸೋ ದೊಡ್ಡ ಕ್ಯಾಂಪಿಂಗ್ ಟ್ರೇಲರ್) ತಗೊಂಡ್ವಿ, ಎರಡು ಆಕ್ಸಲ್, ಹಳೇ ಓನರ್ ಡ್ರಮ್ ತೆಗ್ಸಿ ನಾಲ್ಕೂ ವೀಲಿಗೆ ಡಿಸ್ಕ್ ಹಾಕ್ಸಿ ಎಲೆಕ್ಟ್ರಿಕ್ ಓವರ್ ಹೈಡ್ರಾಲಿಕ್ ಪಂಪ್ ಕೂರ್ಸಿದ್ದಾರೆ. ಟ್ರಕ್ಕಲ್ಲಿ ಟೆಕೋನ್ಶಾ ಪಿ3 ಕಂಟ್ರೋಲರ್ (ಟ್ರೇಲರ್ ಬ್ರೇಕಿಗೆ ಸಿಗ್ನಲ್ ಕೊಡೋ ಡಬ್ಬಿ) ಇದೆ. ಪ್ರಾಬ್ಲಮ್ ಏನಂದ್ರೆ ಪೆಡಲ್ ಒತ್ತಿದ್ರೆ ಟ್ರಕ್ ಹಿಡಿಯುತ್ತೆ, ಟ್ರೇಲರ್ ಹಿಂದಿಂದ ತಳ್ಕೊಂಡು ಬರುತ್ತೆ, ಸುಮಾರು ಎರಡು ಸೆಕೆಂಡ್ ಆದ್ಮೇಲೆ ಗಬಕ್ಕಂತ ಹಿಡಿಯುತ್ತೆ. ಹೋದ ವಾರ ಐ-70ರಲ್ಲಿ ಐಸೆನ್‌ಹೋವರ್ ಟನಲ್ ದಾಟಿ ಸಿಲ್ವರ್‌ಥಾರ್ನ್ ಕಡೆ ಇಳೀತಾ ಇದ್ವಿ, ಹಿಂದಿನ ಸೀಟಲ್ಲಿ ಮಕ್ಕಳು, ಮುಂದಿನ ಕಾರು ಸಡನ್ನಾಗಿ ಸ್ಲೋ ಆಯ್ತು, ಆ ಎರಡು ಸೆಕೆಂಡು ನಂಗೆ ಜೀವ ಬಾಯಿಗೆ ಬಂತು. ಕಂಟ್ರೋಲರಲ್ಲಿ ಪವರ್ ಜಾಸ್ತಿ ಮಾಡಿ ನೋಡ್ದೆ, ಹಿಡಿಯೋವಾಗ ಜೋರಾಗಿ ಹಿಡಿಯುತ್ತೆ ಅಷ್ಟೇ, ತಡ ಆಗೋದು ಹಾಗೇ ಇದೆ. ಪಂಪೇ ಚೇಂಜ್ ಮಾಡ್ಬೇಕು ಅಂತ ಒಬ್ಬರು ಅಂದ್ರು. ಗೊತ್ತಿರೋರು ಹೇಳಿ ಪ್ಲೀಸ್.

ಮಂಡ್ಯ_ಟ್ರ್ಯಾಕ್ಟರ್:
ಅಣ್ಣ ಇದು ಹೆಂಗೆ ಕೆಲ್ಸ ಮಾಡುತ್ತೆ? ನಮ್ ಕಡೆ ಕಬ್ಬು ಹೊಡೆಯೋ ಟ್ರೇಲರ್‌ಗಳಲ್ಲಿ ಬಹಳಷ್ಟಕ್ಕೆ ಬ್ರೇಕೇ ಇರಲ್ಲ, ಎಲ್ಲಾ ಭಾರ ಟ್ರ್ಯಾಕ್ಟರ್ ಮೇಲೇನೇ.

ಹಳೇ_ಟೋಯಿಂಗ್_ಭಟ್ಟ:
ಮಂಡ್ಯದೋರೆ, ಟ್ರಕ್ಕಿಂದ ಟ್ರೇಲರ್‌ಗೆ ಎಣ್ಣೆ ಪೈಪ್ ಬರಲ್ಲ, ನೀಲಿ ವೈರಲ್ಲಿ ಸಿಗ್ನಲ್ ಮಾತ್ರ ಬರುತ್ತೆ. ಟ್ರೇಲರಲ್ಲಿರೋ ಪಂಪು ಆ ಸಿಗ್ನಲ್ ನೋಡ್ಕೊಂಡು, ಟ್ರೇಲರ್ ಬ್ಯಾಟರಿಯಿಂದ ಕರೆಂಟ್ ತಗೊಂಡು ಬ್ರೇಕ್ ಆಯಿಲ್‌ಗೆ ಪ್ರೆಶರ್ ಕೊಡುತ್ತೆ. ಡಿಸ್ಕ್ ಆದ್ರೆ 1600 ಪಿಎಸ್‌ಐ (ಪ್ರೆಶರ್ ಅಳತೆ) ಪಂಪು ಬೇಕು, ಡ್ರಮ್ಮಿಗೆ 1000ದ್ದು ಸಾಕು. ಪಂಪ್ ಪ್ರೆಶರ್ ಕಟ್ಟೋಕೆ ಚೂರು ಟೈಮ್ ತಗೊಳ್ಳುತ್ತೆ, ಅದು ಸಹಜ, ಆದ್ರೆ ಎರಡು ಸೆಕೆಂಡ್ ಅಂದ್ರೆ ಸಹಜ ಅಲ್ಲ.

ಡೆನ್ವರ್ ಅವರೆ, ದಯವಿಟ್ಟು ಪಂಪ್ ತಗೋಬೇಡಿ ಇನ್ನೂ. ಮೊದ್ಲು ಪಿ3 ಮೆನು ಎಲೆಕ್ಟ್ರಿಕ್‌ನಲ್ಲಿದ್ಯಾ ಇಲ್ಲ ಎಲೆಕ್ಟ್ರಿಕ್ ಓವರ್ ಹೈಡ್ರಾಲಿಕ್‌ನಲ್ಲಿದ್ಯಾ ನೋಡಿ. ಅದು ಸರಿ ಇದ್ರೆ ಬ್ರೇಕ್‌ಅವೇ ಪಿನ್ (ಟ್ರೇಲರ್ ಟ್ರಕ್ಕಿಂದ ಕಳಚ್ಕೊಂಡ್ರೆ ಕಿತ್ಬಂದು ಬ್ರೇಕ್ ತಾನಾಗೇ ಹಿಡಿಸೋ ಪಿನ್) ಟೆಸ್ಟ್ ಮಾಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತೆ. ಸಮತಟ್ಟು ಜಾಗದಲ್ಲಿ ನಿಲ್ಸಿ, ಬೇರೆ ವೀಲಿಗೆ ಅಡ್ಡ ಕೊಟ್ಟು, ಒಂದು ವೀಲ್ ಎತ್ತಿ ಜ್ಯಾಕ್ ಸ್ಟ್ಯಾಂಡ್ ಮೇಲೆ ಕೂರ್ಸಿ. ಸೆವೆನ್ ಪಿನ್ ಪ್ಲಗ್ (ಟ್ರಕ್ಕಿನ ವೈರಿಗೆ ಟ್ರೇಲರ್ ವೈರ್ ಜೋಡಿಸೋ ಪ್ಲಗ್) ಟ್ರಕ್ಕಿಂದ ಕಿತ್ತಿಡಿ. ಒಬ್ಬರು ವೀಲ್ ತಿರುಗಿಸಿ ಕೈ ತೆಗೀಲಿ, ಆಮೇಲೆ ಇನ್ನೊಬ್ಬರು ಪಿನ್ ಎಳೀಲಿ. ಆವಾಗ ಪಂಪಿಗೆ ಫುಲ್ ಸಿಗ್ನಲ್ ಹೋಗುತ್ತೆ, ಕಂಟ್ರೋಲರ್‌ಗೂ ಅದಕ್ಕೂ ಸಂಬಂಧನೇ ಇರಲ್ಲ. ತಕ್ಷಣ ಹಿಡಿದ್ರೆ ಪಂಪ್, ಆಯಿಲ್, ಕ್ಯಾಲಿಪರ್ (ಡಿಸ್ಕಿಗೆ ಪ್ಯಾಡ್ ಒತ್ತೋ ಭಾಗ) ಎಲ್ಲಾ ಚೆನ್ನಾಗಿದೆ, ತಪ್ಪು ಟ್ರಕ್ ಕಡೆ ಅಥ್ವಾ ನೀಲಿ ವೈರಲ್ಲಿದೆ. ಆಗ್ಲೂ ತಡ ಆದ್ರೆ ಟ್ರೇಲರ್ ಕಡೇನೇ ಹುಡುಕ್ಬೇಕು. ಪಿನ್ ಬೇಗ ವಾಪಸ್ ಹಾಕಿ, ಬ್ಯಾಟರಿ ಇಳಿಯುತ್ತೆ, ಮೋಟಾರೂ ಬಿಸಿ ಆಗುತ್ತೆ.

ಡೆನ್ವರ್_ಕನ್ನಡಿಗ:
ಭಟ್ರೆ ತುಂಬಾ ಥ್ಯಾಂಕ್ಸ್, ಮೆನು ಸರಿಯಾಗೇ ಇತ್ತು. ಪಿನ್ ಎಳೆದಾಗ್ಲೂ ಅದೇ ತಡ. ಮೋಟಾರ್ ಸೌಂಡು ಶುರುವಲ್ಲಿ ಭಾರವಾಗಿ ಎಳ್ದಂಗೆ ಬರುತ್ತೆ. ಬ್ಯಾಟರಿ 12.7 ವೋಲ್ಟ್ ತೋರಿಸ್ತಿದೆ.

ಹಳೇ_ಟೋಯಿಂಗ್_ಭಟ್ಟ:
ಆ ಸೌಂಡ್ ಕೇಳಿದ್ರೆ ವೋಲ್ಟೇಜ್ ಸಾಲ್ತಿಲ್ಲ ಅನ್ಸುತ್ತೆ. ಸುಮ್ನೆ ಇರೋವಾಗ 12.7 ಬಂದ್ರೆ ಏನೂ ಗೊತ್ತಾಗಲ್ಲ, ಪಂಪ್ ಓಡ್ತಾ ಇರೋವಾಗಲೇ ಪಂಪಿನ ವೈರ್ ಮೇಲೆ ಅಳೀಬೇಕು. ಆಮೇಲೆ ಬ್ಯಾಟರಿ ಪ್ಲಸ್ಸಿಂದ ಪಂಪ್ ಪ್ಲಸ್ಸಿಗೆ ಒಂದ್ಸಲ, ಬ್ಯಾಟರಿ ಮೈನಸ್ಸಿಂದ ಪಂಪ್ ಗ್ರೌಂಡಿಗೆ ಒಂದ್ಸಲ ಮೀಟರ್ ಇಡಿ, ಎರಡರಲ್ಲೂ ಅರ್ಧ ವೋಲ್ಟಿಗಿಂತ ಕಮ್ಮಿ ಬರ್ಬೇಕು. ಯಾವ ಕಡೆ ಜಾಸ್ತಿ ಬರುತ್ತೋ ಆ ಕಡೆ ಲೂಸ್ ಕನೆಕ್ಷನ್ನೋ ತುಕ್ಕೋ ಸಣ್ಣ ವೈರೋ ಇರುತ್ತೆ. ಈ ಮೋಟಾರಿಗೆ ಸಾಮಾನ್ಯವಾಗಿ 30 ಆಂಪ್ಸ್ ಫ್ಯೂಸ್ ಇರುತ್ತೆ ಕಣ್ರಿ, ಲೈಟಿನ ವೈರಲ್ಲಿ ಅದು ಓಡಲ್ಲ, 10 ಗೇಜಾದ್ರೂ ಬೇಕೇ ಬೇಕು (ಗೇಜ್ ನಂಬರ್ ಕಮ್ಮಿ ಆದಷ್ಟು ವೈರ್ ದಪ್ಪ).

ಮೆಲ್ಬರ್ನ್_ಶೆಟ್ಟಿ:
ಭಟ್ರು ಹೇಳಿದ್ದರ ಜೊತೆ ಇನ್ನೊಂದು. ಕ್ಯಾಲಿಪರ್‌ನ ಬ್ಲೀಡರ್ ಸ್ಕ್ರೂ (ಆಯಿಲಲ್ಲಿ ಸೇರಿರೋ ಗಾಳಿ ಹೊರಗೆ ಬಿಡೋ ಸ್ಕ್ರೂ) ಮೇಲ್ಗಡೆ ಇದ್ಯಾ ನೋಡಿ. ನಮ್ ಬೋಟ್ ಟ್ರೇಲರಲ್ಲಿ ಎಡ ಬಲ ಅದ್ಲುಬದ್ಲು ಹಾಕಿದ್ರು, ಸ್ಕ್ರೂ ಕೆಳಗೆ ಬಂದಿತ್ತು, ಎಷ್ಟು ಬ್ಲೀಡ್ ಮಾಡಿದ್ರೂ ಮೇಲಿನ ಗಾಳಿ ಅಲ್ಲೇ ಉಳೀತಿತ್ತು, ಪಂಪ್ ಮೊದ್ಲು ಆ ಗಾಳಿ ಒತ್ತಿ ಆಮೇಲೆ ಪ್ಯಾಡ್ ಒತ್ಬೇಕು, ತಡ ಆಗ್ದೆ ಇನ್ನೇನಾಗುತ್ತೆ. ಪಂಪಿಗೆ ದೂರದ ವೀಲಿಂದ ಶುರು ಮಾಡಿ, ಟ್ಯಾಂಕಲ್ಲಿ ಆಯಿಲ್ ಖಾಲಿ ಆಗೋಕೆ ಬಿಡ್ಬೇಡಿ. ರಬ್ಬರ್ ಹೋಸ್ ಉದ್ದ ಇದ್ರೂ ಊದ್ಕೊಂಡು ಪ್ರೆಶರ್ ತಿನ್ನುತ್ತೆ.

ಡೆನ್ವರ್_ಕನ್ನಡಿಗ:
ಸಿಕ್ತು! ಪಂಪ್ ಓಡೋವಾಗ ಅಲ್ಲಿ 9.6 ವೋಲ್ಟೇ ಬರ್ತಿತ್ತು. ಪ್ಲಸ್ ಕಡೆ 0.4, ಗ್ರೌಂಡ್ ಕಡೆ ಸುಮಾರು ಎರಡು ವೋಲ್ಟ್ ಹೋಗ್ತಿತ್ತು. ಗ್ರೌಂಡ್ ವೈರನ್ನ ಫ್ರೇಮಿನ ಪೇಂಟ್ ಮೇಲೇ ಸ್ಕ್ರೂ ಹೊಡೆದು ಬಿಟ್ಟಿದ್ರು, ಕೆಳಗೆಲ್ಲಾ ತುಕ್ಕು. ಅದನ್ನ ತೆಗ್ದು 8 ಗೇಜ್ ವೈರ್ ಸೀದಾ ಬ್ಯಾಟರಿ ಮೈನಸ್ಸಿಗೆ ಎಳ್ದೆ, ಈಗ ಓಡೋವಾಗ್ಲೂ 11.8 ಬರುತ್ತೆ, ಸೌಂಡೇ ಬೇರೆ. ಶೆಟ್ರು ಹೇಳಿದ್ದೂ ನೋಡ್ದೆ, ಸ್ಕ್ರೂಗಳು ಸರಿಯಾಗಿವೆ, ಹಿಂದಿನ ಬಲಗಡೆ ವೀಲಲ್ಲಿ ಮಾತ್ರ ಗುಳ್ಳೆ ಬಂತು, ಡಾಟ್ 3 ಬ್ರೇಕ್ ಆಯಿಲ್ ಹಾಕಿ ಬ್ಲೀಡ್ ಮಾಡ್ದೆ. ಖಾಲಿ ಪಾರ್ಕಿಂಗ್ ಲಾಟಲ್ಲಿ ಓಡಿಸಿದ್ವಿ, ಟ್ರಕ್ ಜೊತೆಗೇ ಹಿಡಿಯುತ್ತೆ ಈಗ, ನಮ್ಮನೆಯವ್ರಿಗೂ ಧೈರ್ಯ ಬಂತು. ಪಿ3ಯಲ್ಲಿ ಬೂಸ್ಟ್ (ಬ್ರೇಕ್ ಶುರುವಲ್ಲೇ ಜೋರು ಕೊಡೋ ಸೆಟ್ಟಿಂಗ್) ಒಂದಕ್ಕೆ ಇಟ್ಟಿದೀನಿ, ಇಳಿಜಾರಲ್ಲಿ ಅದು ಸಾಕಾ ಭಟ್ರೆ?

ಹಳೇ_ಟೋಯಿಂಗ್_ಭಟ್ಟ:
ಖುಷಿ ಆಯ್ತು ಓದಿ. ಒಂದರಲ್ಲೇ ಇರ್ಲಿ, ತೂಕ ತುಂಬ್ಸಿ ಓಡಿಸಿದಾಗ ಸಾಲ್ದಿದ್ರೆ ಎರಡು ಮಾಡಿ. ಆದ್ರೆ ಶಿರಾಡಿ ಘಾಟಲ್ಲಿ ಲಾರಿಯವ್ರು ಗೇರಲ್ಲೇ ಇಳಿಸ್ತಾರಲ್ಲ, ಹಂಗೇ ಟನಲ್ ದಾಟೋಕ್ ಮುಂಚೆನೇ ಗೇರ್ ಇಳ್ಸಿ. ಪವರನ್ನ ಜಾಸ್ತಿ ಮಾಡಿದ್ರಲ್ಲ, ಅದನ್ನ ವಾಪಸ್ ಕಮ್ಮಿ ಮಾಡಿ ಹೊಸದಾಗಿ ಸೆಟ್ ಮಾಡ್ಕೊಳ್ಳಿ, ಇಲ್ಲಾಂದ್ರೆ ವೀಲ್ ಲಾಕ್ ಆಗುತ್ತೆ.