ಕೊಳಚೆ ಶುದ್ಧೀಕರಣ ಘಟಕದ (ಎಸ್‌ಟಿಪಿ) ವರದಿಯಲ್ಲಿ ಬಿಒಡಿ 18, ಸ್ನಾನಘಟ್ಟದಲ್ಲಿ ನಾತ: ಎಲ್ಲಿ ನೋಡಬೇಕು?

ಹೊಳೆದಂಡೆ:
ತುಂಗಭದ್ರಾ ದಂಡೆಯ ಪುರಸಭೆ ಪಟ್ಟಣ, ಜನಸಂಖ್ಯೆ ಸುಮಾರು 28,000. ಎಸ್‌ಬಿಆರ್ ಘಟಕದ (ಒಂದೇ ಟ್ಯಾಂಕಿನಲ್ಲಿ ಸರದಿಯಂತೆ ಗಾಳಿ ಊದಿ, ಕೆಸರು ಕೂರಿಸಿ, ತಿಳಿನೀರು ಹೊರಬಿಡುವ ಘಟಕ) ಸಾಮರ್ಥ್ಯ 3 ಎಂಎಲ್‌ಡಿ (ದಿನಕ್ಕೆ 30 ಲಕ್ಷ ಲೀಟರ್), ಇನ್‌ಲೆಟ್ ಮೀಟರ್ ತೋರಿಸುವುದು 2. ಒಳಬರುವ ಬಿಒಡಿ (ಕೊಳೆ ತಿನ್ನಲು ಬ್ಯಾಕ್ಟೀರಿಯಾಕ್ಕೆ ಬೇಕಾಗುವ ಆಮ್ಲಜನಕ, ಅಂದರೆ ಕೊಳೆಯ ಅಳತೆ) ಲೀಟರಿಗೆ 220 ಮಿಗ್ರಾಂ, ಹೊರಹೋಗುವುದು 18 (ಬೆಳಗ್ಗೆ 11ರ ಮಾದರಿ). ಎಂಎಲ್‌ಎಸ್‌ಎಸ್ (ಟ್ಯಾಂಕಿನ ನೀರಿನಲ್ಲಿ ತೇಲುವ ಸ್ಲಡ್ಜ್, ಅಂದರೆ ಬ್ಯಾಕ್ಟೀರಿಯಾ ತುಂಬಿದ ಕೆಸರು) ಲೀಟರಿಗೆ 5,600 ಮಿಗ್ರಾಂ. ಒಂದು ಲೀಟರ್ ಜಾಡಿಯಲ್ಲಿ ಅರ್ಧ ಗಂಟೆ ಬಿಟ್ಟರೂ ಸ್ಲಡ್ಜ್ 850 ಮಿಲಿಯಲ್ಲೇ ನಿಲ್ಲುತ್ತದೆ. ಗಾಳಿ ಊದುವ ಬ್ಲೋವರ್ ನಿಲ್ಲಿಸುವ ಹೊತ್ತಿಗೂ ಡಿಒ (ನೀರಿನಲ್ಲಿ ಕರಗಿದ ಆಮ್ಲಜನಕ) ಲೀಟರಿಗೆ 0.8 ಮಿಗ್ರಾಂ ದಾಟುವುದಿಲ್ಲ. ವಾರಕ್ಕೆರಡು ಸಲ 15 ಘನ ಮೀಟರ್ ಸ್ಲಡ್ಜನ್ನು ಡ್ರೈಯಿಂಗ್ ಬೆಡ್‌ಗೆ (ಒಣಗಿಸುವ ಮಡಿಗೆ) ಬಿಡುತ್ತಾರೆ. ಏಪ್ರಿಲ್ ಬಂತೆಂದರೆ ಕೆಳಗಿನ ಘಟ್ಟದ ನೀರು ನಾರುತ್ತದೆ, ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ಬ್ಲೋವರ್ ದೊಡ್ಡದು ಮಾಡಿಸಬೇಕೇ?

ಕೆಸರುಲೆಕ್ಕ:
ಬ್ಲೋವರ್ ಆಮೇಲೆ. ದಿನಕ್ಕೆ 400 ಕೆಜಿ ಬಿಒಡಿ ತೆಗೆಯುತ್ತಿದ್ದೀರಿ. ಕೆಜಿಗೆ ಸುಮಾರು 0.7 ಕೆಜಿ ಒಣ ಸ್ಲಡ್ಜ್ ಹಿಡಿದರೆ 280 ಕೆಜಿ. ಕೂತ ಸ್ಲಡ್ಜಿನಲ್ಲಿ ಘನಾಂಶ 0.7% ಅಂದುಕೊಳ್ಳಿ, ದಿನಕ್ಕೆ 40 ಘನ ಮೀಟರ್ ಹೊರಗೆ ಹೋಗಬೇಕು. ನಿಮ್ಮಲ್ಲಿ ವಾರಕ್ಕೆ ಹೋಗುವುದು 30! ಮಿಕ್ಕಿದ್ದು ಟ್ಯಾಂಕಿನಲ್ಲಿ ಹಿಡಿಯುವಷ್ಟು ಹಿಡಿದು, ಆಮೇಲೆ ಡಿಕ್ಯಾಂಟರ್ (ತಿಳಿನೀರು ಹೊರಬಿಡುವ ಸಾಧನ) ಹಾದು ಹೊಳೆ ಸೇರುತ್ತಿದೆ. 11 ಗಂಟೆಯ ಮಾದರಿಯಲ್ಲಿ ಅದು ಸಿಗಲ್ಲ. ಡಿಕ್ಯಾಂಟ್ ಮುಗಿಯುವ ಕೊನೆಯ ಐದು ನಿಮಿಷದ ನೀರನ್ನು ಗಾಜಿನ ಬಾಟಲಿಗೆ ಹಿಡಿಯಿರಿ, ಕಂದು ಚೂರುಗಳು ಕಣ್ಣಿಗೇ ಕಾಣುತ್ತವೆ.

ಡಿಒ ಏರದಿರುವುದಕ್ಕೂ ಇದೇ ಕಾರಣವಿರಬಹುದು: ಅಷ್ಟು ಜೀವರಾಶಿ ಉಸಿರಾಡಲಿಕ್ಕೇ ಗಾಳಿ ಖರ್ಚು. ಡಿಒ ಕಮ್ಮಿಯಾದರೆ ನೂಲಿನಂಥ ಬ್ಯಾಕ್ಟೀರಿಯಾ ಬೆಳೆದು ಸ್ಲಡ್ಜ್ ಕೂರುವುದೇ ಇಲ್ಲ. ಎಂಎಲ್‌ಎಸ್‌ಎಸ್ ಅನ್ನು 3,500ರ ಹತ್ತಿರಕ್ಕೆ ಇಳಿಸಿ, ಆದರೆ ಒಂದೇ ದಿನ ಬೇಡ. ಹೊರಬಿಡುವ ಪ್ರಮಾಣವನ್ನು ದಿನಕ್ಕೆ 10–15% ಹೆಚ್ಚಿಸುತ್ತ ಹೋಗಿ. ಒಮ್ಮೆಲೇ ಖಾಲಿ ಮಾಡಿದರೆ ಅಮೋನಿಯಾ ತಿನ್ನುವ ನಿಧಾನದ ಬ್ಯಾಕ್ಟೀರಿಯಾ ಕೊಚ್ಚಿಹೋಗುತ್ತವೆ. ಆಮೇಲೂ ಡಿಒ 2 ಮುಟ್ಟದಿದ್ದರೆ ಬ್ಲೋವರ್ ಗೇಜ್ ನೋಡಿ. ಒತ್ತಡ ಏರಿದ್ದರೆ ಡಿಫ್ಯೂಸರ್ (ಟ್ಯಾಂಕಿನ ತಳದಲ್ಲಿ ಗಾಳಿಗುಳ್ಳೆ ಬಿಡುವ ಸಾಧನ) ಕಟ್ಟಿದೆ; ಒಂದೇ ಕಡೆ ನೀರು ಕೊತಕೊತ ಕುದಿದಂತೆ ಕಂಡರೆ ಅದರ ಪೊರೆ (ಮೆಂಬ್ರೇನ್) ಹರಿದಿದೆ.

ಜಾಗದ ಮಾತು: 40 ಘನ ಮೀಟರನ್ನು 20 ಸೆಂಮೀ ದಪ್ಪಕ್ಕೆ ಹರಡಲು ದಿನಕ್ಕೆ 200 ಚದರ ಮೀಟರ್ ಬೇಕು. ಒಣಗಲು 10 ದಿನ ಹಿಡಿದರೆ 2,000. ಮಳೆಗಾಲದಲ್ಲಿ ಬೆಡ್ ನೆಚ್ಚಿಕೊಳ್ಳಬೇಡಿ, ಪಾಲಿಮರ್ ಹಾಕಿ ಸ್ಲಡ್ಜಿನ ನೀರು ಹಿಂಡುವ ಸ್ಕ್ರೂ ಪ್ರೆಸ್ಸೋ ಸೆಂಟ್ರಿಫ್ಯೂಜೋ ಬೇಕೇ ಬೇಕು.

ವೆಟ್‌ವೆಲ್:
ಅದಕ್ಕಿಂತ ದೊಡ್ಡ ಸೋರಿಕೆ ಬೇರೆ ಕಡೆ ಇದೆ. ತಲೆಗೆ 135 ಲೀಟರ್ ಸರಬರಾಜಿದ್ದು ಅದರ 80% ಕೊಳಚೆಯಾದರೆ 28,000 ಜನಕ್ಕೆ 3 ಎಂಎಲ್‌ಡಿ. ಘಟಕಕ್ಕೆ ಬರುವುದು 2. ಉಳಿದ 1 ಎಂಎಲ್‌ಡಿ ಮೋರಿ ಹಿಡಿದು ನೇರ ಹೊಳೆಗಿಳಿದರೆ ದಿನಕ್ಕೆ 220 ಕೆಜಿ ಬಿಒಡಿ. ನಿಮ್ಮ ಔಟ್‌ಲೆಟ್‌ನದು, ವರದಿ ನಂಬಿದರೆ, ಬರೇ 36 ಕೆಜಿ.

ವೆಟ್‌ವೆಲ್ (ಕೊಳಚೆ ಕೂಡುವ ಬಾವಿ) ಪಂಪಿನ ಅವರ್‌ಮೀಟರನ್ನೂ ಕರೆಂಟ್ ಹೋದ ಸಮಯವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಜನರೇಟರ್‌ಗೆ ಡೀಸೆಲ್ ಇಲ್ಲದ ರಾತ್ರಿ ಬೈಪಾಸ್ ಗೇಟ್ ಎತ್ತಿರುತ್ತಾರೆ. ಬೇಸಿಗೆಯಲ್ಲಿ ಮಳೆ ಇಲ್ಲದಿದ್ದರೂ ಹರಿಯುವ ಮೋರಿಗಳನ್ನು ಗುರುತಿಸಿ, ಹೊಳೆ ಮುಟ್ಟುವ ಮೊದಲೇ ಚಿಕ್ಕ ಅಡ್ಡಗಟ್ಟೆ, ಜಾಲರಿ ಹಾಕಿ ಯುಜಿಡಿ (ಒಳಚರಂಡಿ) ಲೈನಿಗೆ ತಿರುಗಿಸಿ. ಮನೆ ಚಾವಣಿಯ ಮಳೆನೀರಿನ ಪೈಪ್ ಚೇಂಬರಿಗೆ ಸೇರಿದ್ದರೆ ಮೊದಲು ಕಿತ್ತುಹಾಕಿಸಿ.

ಹೊಳೆದಂಡೆ:
ಮೋರಿ ಸಮೀಕ್ಷೆ ಮಾಡಿಸುತ್ತೇನೆ. ಮಾದರಿಯನ್ನು ಕ್ಲೋರಿನ್ ಟ್ಯಾಂಕ್ ದಾಟಿದ ಮೇಲೆ ತೆಗೆಯುತ್ತಾರೆ, ಅದರಿಂದ ವ್ಯತ್ಯಾಸ ಆಗುತ್ತದೆಯೇ?

ನೀರಳತೆ:
ಖಂಡಿತ. ಉಳಿಕೆ ಕ್ಲೋರಿನ್ ಬಾಟಲಿಯೊಳಗೆ ಬ್ಯಾಕ್ಟೀರಿಯಾ ಕೊಂದು ಬಿಒಡಿಯನ್ನು ಸುಳ್ಳೇ ಕಮ್ಮಿ ತೋರಿಸುತ್ತದೆ. ಲ್ಯಾಬಿನವರು ಸೋಡಿಯಂ ಸಲ್ಫೈಟ್‌ನಿಂದ ಕ್ಲೋರಿನ್ ಕಳೆದು, ಹೊಸದಾಗಿ ಸೀಡ್ (ಜೀವಂತ ಬ್ಯಾಕ್ಟೀರಿಯಾ) ಹಾಕುತ್ತಾರೋ ಕೇಳಿ. ಇಲ್ಲವಾದರೆ ಕ್ಲೋರಿನ್‌ಗೆ ಮೊದಲೇ ತೆಗೆಯಿರಿ.

ಏಪ್ರಿಲ್‌ನಲ್ಲೇ ಏಕೆಂದರೆ, ಹರಿವು ಅರ್ಧ ಕ್ಯುಮೆಕ್ಸ್‌ಗೆ (ಸೆಕೆಂಡಿಗೆ ಅರ್ಧ ಘನ ಮೀಟರ್) ಇಳಿದಾಗ ಹೊಳೆಯಲ್ಲಿರುವುದು ದಿನಕ್ಕೆ 43 ಎಂಎಲ್ (4.3 ಕೋಟಿ ಲೀಟರ್). ಮೇಲಿನ 220 ಮತ್ತು 36 ಸೇರಿ 256 ಕೆಜಿ ಅದರಲ್ಲಿ ಬೆರೆತರೆ ಬಿಒಡಿ ಲೀಟರಿಗೆ 5 ಮಿಗ್ರಾಂಗಿಂತ ಹೆಚ್ಚಾಗುತ್ತದೆ. ಸ್ನಾನದ ನೀರಿಗೆ ಮಿತಿ 3. ಡಿಒ ತೀರಾ ಕುಸಿಯುವುದು ಔಟ್‌ಲೆಟ್ ಬಾಯಲ್ಲಲ್ಲ, ಕೊಳೆ ತಿನ್ನುವ ಕೆಲಸ ಜೋರಾಗುವ ಇನ್ನೂ ಕೆಳಗಿನ ಜಾಗದಲ್ಲಿ. ಹಗಲಲ್ಲಿ ಪಾಚಿ ಆಮ್ಲಜನಕ ಕೊಡುವುದರಿಂದ ಮಧ್ಯಾಹ್ನದ ಅಳತೆ ಚೆನ್ನಾಗಿ ಕಾಣುತ್ತದೆ. ಹೊತ್ತು ಹುಟ್ಟುವ ಮುಂಚೆ ಅಳೆಯಿರಿ: ಔಟ್‌ಲೆಟ್‌ಗಿಂತ ಮೇಲೆ ಒಂದು ಕಡೆ, ಘಟ್ಟದಲ್ಲಿ, ಅಲ್ಲಿಂದ ಕೆಳಗೆ ಕಿಲೋಮೀಟರಿಗೊಂದು. ಮೀಟರ್ ಇಲ್ಲದಿದ್ದರೆ ಮಾದರಿ ಬಾಟಲಿಗೆ, ಆಮ್ಲಜನಕ ಹಿಡಿದಿಡುವ ಮ್ಯಾಂಗನೀಸ್ ಸಲ್ಫೇಟ್, ಆಲ್ಕಲಿ ಅಯೋಡೈಡ್ ದಡದಲ್ಲೇ ಹಾಕಿ ಮುಚ್ಚಿ. ಲ್ಯಾಬಿಗೆ ಒಯ್ದ ಮೇಲೆ ಹಾಕಿದರೆ ಆ ಅಳತೆ ಲೆಕ್ಕಕ್ಕಿಲ್ಲ.