ವಾರಕ್ಕೆ ಮೂರೇ ದಿನ ಬಿಡುವು: ಹಾಫ್ ಮ್ಯಾರಥಾನ್ ತಯಾರಿ ಆಗುತ್ತಾ?

ಪ್ರಶ್ನೆ: ಸದ್ಯ 10 ಕಿ.ಮೀ. ನಿಲ್ಲದೆ ಓಡಬಲ್ಲೆ. 21.1 ಕಿ.ಮೀ. ಓಟಕ್ಕೆ ಇನ್ನು 12 ವಾರ. ಆಫೀಸು, ಮನೆ, ಮಕ್ಕಳ ನಡುವೆ ವಾರಕ್ಕೆ ಮೂರು ದಿನ ಸಿಗುತ್ತೆ, ಅಷ್ಟೇ. ಏನು ಓಡಲಿ, ಏನು ಬಿಡಲಿ?

ಉತ್ತರ 1: ಮುಗಿಸುವುದಷ್ಟೇ ಗುರಿಯಾದರೆ ಮೂರು ದಿನ ಧಾರಾಳ ಸಾಕು. ಮಂಗಳವಾರ 40 ನಿಮಿಷ ನಿಧಾನ ಓಟ. ಗುರುವಾರ 10 ನಿಮಿಷ ವಾರ್ಮ್‌ಅಪ್, 20 ನಿಮಿಷ ಟೆಂಪೋ (ಕಷ್ಟವೆನಿಸಿದರೂ ಒಂದೇ ಸಮ ಕಾಯ್ದುಕೊಳ್ಳಬಲ್ಲ ವೇಗದ ಓಟ), 10 ನಿಮಿಷ ಕೂಲ್‌ಡೌನ್. ಭಾನುವಾರ ಲಾಂಗ್ ರನ್: 10ರಿಂದ ಶುರುಮಾಡಿ ವಾರಕ್ಕೊಂದು ಕಿ.ಮೀ. ಏರಿಸಿ, 4 ಮತ್ತು 8ನೇ ವಾರ ಮೂರು ಕಿ.ಮೀ. ಇಳಿಸಿ, ಮುಂದಿನ ವಾರ ಬಿಟ್ಟಲ್ಲಿಂದ ಮುಂದುವರಿಸಿ (12, 9, 13 ಹೀಗೆ). 10ನೇ ವಾರ 17 ಮುಟ್ಟುತ್ತೀರಿ. ಮೊದಲೇ 21 ಓಡಿ ನೋಡುವ ಚಪಲ ಬೇಡ. 11ನೇ ವಾರ 12 ಸಾಕು.

ಉತ್ತರ 2: ಎಲ್ಲರೂ ಎಡವುವುದು ಮಂಗಳವಾರವೇ. ಪೂರ್ತಿ ವಾಕ್ಯ ಮಾತಾಡಲು ಉಸಿರು ಸಾಲದಿದ್ದರೆ ಅದು ನಿಧಾನ ಓಟವಲ್ಲ, ಗುರುವಾರಕ್ಕೆ ಕಾಲು ಸೋತಿರುತ್ತೆ. ತಪ್ಪಿದ ಓಟವನ್ನು ಮರುದಿನದ್ದಕ್ಕೆ ಸೇರಿಸಬೇಡಿ; ಮೊಣಕಾಲ ಕೆಳಗೆ ಮುಂಭಾಗದ ಮೂಳೆ ನೋವು ಶುರುವಾಗುವುದು ಹಾಗೇ.

ಉತ್ತರ 3: ಭಾನುವಾರ ಮದುವೆ-ಗೃಹಪ್ರವೇಶ ಬಂದರೆ ಲಾಂಗ್ ರನ್ ಶನಿವಾರಕ್ಕೆ ಹಾಕಿ, ಶುಕ್ರವಾರ ವಿಶ್ರಾಂತಿ ಇರಲಿ. ತೀರಾ ಕೆಟ್ಟ ವಾರದಲ್ಲಿ ಟೆಂಪೋ ಬಿಡಿ, ಲಾಂಗ್ ರನ್ ಬಿಡಬೇಡಿ.