ಹಿಂದಿನ ಸೈಟಿನ ಎಳ್ಳಿಗೆ ಚುಕ್ಕೆ: ಆದಿತ್ಯವಾರ ಮನೆಗೊಬ್ಬರು ಬನ್ನಿ

ಮನೆ 14: ಎಲ್ರಿಗೂ ನಮಸ್ಕಾರ. ಹಿಂದಿನ ಖಾಲಿ ಸೈಟಲ್ಲಿ ನಾವು ಬಿತ್ತಿದ ಎಳ್ಳಿನ ಫೋಟೋ ಹಾಕಿದ್ದೇನೆ. ಕೆಳಗಿನ ಎಲೆ ಪೂರಾ ಕಂದು ಚುಕ್ಕೆ. ಮೊನ್ನೆಯ ಮಳೆಯ ನಂತರ ಜಾಸ್ತಿ ಆದದ್ದು. ಈ ಸಲ ಅಷ್ಟಮಿ ಉಂಡೆಗೆ ನಮ್ಮದೇ ಎಳ್ಳು ಅಂತ ಊರಿಡೀ ಹೇಳಿಕೊಂಡು ಬಂದವಳು ನಾನೇ.

ಮನೆ 3: ಅಯ್ಯೋ ದೇವರೇ! ನಮ್ಮ ಮಲ್ಲಿಗೆ ಗಿಡಕ್ಕೆ ಬರ್ತದಾ? ನಡುವೆ ಒಂದು ಕಂಪೌಂಡ್ ಅಷ್ಟೇ. ಬರುದಾದ್ರೆ ಎಳ್ಳು ಇವತ್ತೇ ಕಿತ್ತು ಹಾಕಿ.

ಮನೆ 9: ಅಕ್ಕ, ಗಡಿಬಿಡಿ ಬೇಡ. ಎಲೆಚುಕ್ಕೆ ಎಳ್ಳು ಬೆಳೆಯುವಲ್ಲೆಲ್ಲ ಉಂಟು, ತೇವ ಜಾಸ್ತಿಯಾದ್ರೆ ಕೇಳುದೇ ಬೇಡ. ಮುಖ್ಯವಾಗಿ ಎರಡು ಶಿಲೀಂಧ್ರ. ಚುಕ್ಕೆಯ ನಡುವೆ ಬೂದು ಬಣ್ಣ, ಅಂಚು ಮೂಲೆಮೂಲೆಯಾಗಿದ್ರೆ ಸರ್ಕೋಸ್ಪೊರ. ಉಂಗುರದೊಳಗೆ ಉಂಗುರ ಕಂಡ್ರೆ ಆಲ್ಟರ್ನೇರಿಯ. ಫೋಟೋದಲ್ಲಿ ನನಗೆ ಕಾಣುದು ಮೊದಲನೆಯದ್ದು. ಮಲ್ಲಿಗೆಯ ಎಲೆಚುಕ್ಕೆಯದ್ದು ಬೇರೆಯೇ ಜಾತಿ, ಎಳ್ಳಿಂದ ಬರುದಲ್ಲ.

ಮನೆ 21: ಮದ್ದು ಬಿಟ್ರೆ ಮುಗೀತಲ್ಲ? ಲೀಟರಿಗೆ 2 ಗ್ರಾಂ ಮ್ಯಾಂಕೋಜೆಬ್. ಪಂಪ್ ನನ್ನ ಹತ್ರ ಉಂಟು.

ಮನೆ 9: ಶೆಟ್ರೆ, 30ನೇ ದಿನ ಹೇಳಿದ್ರೆ ನೀರು ನಾನೇ ಹೊರ್ತಿದ್ದೆ. ಈಗ 75 ದಿನ, ಕಾಯಿ ತುಂಬಿ ಆಗಿದೆ, ಕೊಯ್ಲಿಗೆ ಎರಡು ವಾರ. ತಿನ್ನುವ ಎಳ್ಳಿಗೆ ಈಗ ಮದ್ದು ಎಂತಕ್ಕೆ? ಬಾವಿ ಬೇರೆ ಹತ್ತು ಹೆಜ್ಜೆಯಲ್ಲುಂಟು. ಮತ್ತೆ, ಕಾಯಿ ಬಲಿಯುವಾಗ ಕೆಳಗಿನ ಎಲೆ ತನ್ನಷ್ಟಕ್ಕೇ ಹಳದಿಯಾಗಿ ಉದುರ್ತದೆ. ಅದನ್ನೂ ರೋಗದ ಲೆಕ್ಕಕ್ಕೆ ಹಾಕಬೇಡಿ.

ಮನೆ 14: ಆದ್ರೆ ಬಂದದ್ದು ಎಲ್ಲಿಂದ?

ಮನೆ 9: ಬೀಜ ಹೋದ ವರ್ಷದ್ದೇ ಅಲ್ವಾ? ಅದರಲ್ಲೇ ಕೂತಿರ್ತದೆ. ಒಣಗಿದ ಕಡ್ಡಿಯಲ್ಲೂ ಉಳೀತದೆ. ಮೂಲೆಯಲ್ಲಿ ಹಳೇ ಕಡ್ಡಿ ರಾಶಿ ಉಂಟಲ್ಲ, ಅದು ಯಾರದ್ದು?

ಮನೆ 21: ನನ್ನದು. ಬಚ್ಚಲ ಒಲೆಗೆ ಅಂತ ಇಟ್ಟದ್ದು ಮಾರಾಯ್ರೆ.

ಮನೆ 6: ಒಂದು ಗಿಡದಲ್ಲಿ ಹೂ ಬರುವಲ್ಲಿ ಪೂರಾ ಪುಟ್ಟ ಪುಟ್ಟ ಎಲೆ ಗೊಂಚಲು. ಅದೂ ಇದೇನಾ?

ಮನೆ 9: ಅಲ್ಲ, ಅದು ಜಿಗಿಹುಳು ಹರಡುವ ಬೇರೆ ರೋಗ, ಶಿಲೀಂಧ್ರ ಅಲ್ಲ. ಅದನ್ನು ಬುಡಸಮೇತ ತೆಗೀರಿ.

ಮನೆ 6: ಆಯ್ತು. ಸೋಮವಾರ ನನಗೆ ಬ್ರಹ್ಮಾವರದಲ್ಲಿ ಕೆಲಸ ಉಂಟು. ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸ್ತೇನೆ. ಎಲೆ ಪೇಪರಲ್ಲಿ ಸುತ್ತಿ ಕೊಡಿ, ಪ್ಲಾಸ್ಟಿಕ್ಕಲ್ಲಿ ಕೊಳೀತದೆ.

ಮನೆ 14: ಹಾಗಾದ್ರೆ ಆದಿತ್ಯವಾರ 6 ಗಂಟೆಗೆ ಸೇರುವನಾ?

ಮನೆ 9: ಮಂಜು ಆರಲಿ, 8.30 ಆಗಲಿ. ಒದ್ದೆ ಎಲೆ ಮುಟ್ಟಿಕೊಂಡು ಓಡಾಡಿದ್ರೆ ರೋಗ ನಾವೇ ಹಂಚಿದ ಹಾಗೆ. ಚುಕ್ಕೆ ಎಲೆ, ಉದುರಿದ್ದು ಎಲ್ಲ ಗೋಣಿಗೆ ತುಂಬುದು. ಗೊಬ್ಬರ ಗುಂಡಿಗೆ ಹಾಕಬೇಡಿ. ಬರುವ ವರ್ಷ ಬೇರೆ ಬೀಜ ತರುವ, ಅದಕ್ಕೆ ಟ್ರೈಕೋಡರ್ಮ (ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆ ಶಿಲೀಂಧ್ರ) ಕಲಸಿ ಆಚೆ ಬದಿಯ ಸೈಟಲ್ಲಿ ಬಿತ್ತುವ.

ಮನೆ 3: ನಾನೂ ಬರ್ತೇನೆ. ಹತ್ತು ಗಂಟೆಗೆ ನಮ್ಮಲ್ಲಿ ಗಂಜಿ, ಉಪ್ಪಿನಕಾಯಿ. ಶೆಟ್ರಿಗೆ ಮಾತ್ರ ಕಡ್ಡಿ ರಾಶಿ ಒಲೆ ಸೇರಿದ ಮೇಲೆ.